ಕೊನೆಯಿಂದ ಕತ್ತರಿಸಿದ ಎರಡು ಸಾಲು

2022–23ರ ಶೈಕ್ಷಣಿಕ ವರ್ಷದಲ್ಲಿ ನಾನು ಹೊಸಪೇಟೆಯಲ್ಲಿ ಒಂದು ದಿನಪತ್ರಿಕೆಯ ಹಿರಿಯ ವರದಿಗಾರನಾಗಿದ್ದೆ. ವಿಜಯನಗರ ಪ್ರತ್ಯೇಕ ಜಿಲ್ಲೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಕಂಪ್ಲಿ ಮತ್ತು ಸಂಡೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿದ್ದವು. ಆದರೆ ಅಲ್ಲಿನ ಸುದ್ದಿ ಹಳೆಯ ರೂಢಿಯಂತೆ ನಮ್ಮ ಕಚೇರಿಗೇ ಬರುತ್ತಿತ್ತು. ಅರೆಕಾಲಿಕ ವರದಿಗಾರರು ಕಳಿಸಿದ್ದನ್ನು ತಿದ್ದಿ, ತಲೆಬರಹ ಕೊಟ್ಟು, ರಾತ್ರಿ ಎಂಟರೊಳಗೆ ಪುಟ ಕಟ್ಟುವ ಡೆಸ್ಕಿಗೆ ಮುಟ್ಟಿಸುವುದು ನನ್ನ ಕೆಲಸ. ಮೂವತ್ತೊಂದು ವರ್ಷದ ವೃತ್ತಿಯಲ್ಲಿ ಅಣೆಕಟ್ಟೆಯ ಗೇಟು, ಗಣಿ ಲಾರಿ, ಹಂಪಿಯ ತೆರವು ಕಾರ್ಯಾಚರಣೆ, ಚುನಾವಣೆ ಎಲ್ಲವನ್ನೂ ಬರೆದಿದ್ದೇನೆ. ನಿವೃತ್ತನಾದ ಮೇಲೆ ಜನ ಕೇಳುವುದೂ ಅವುಗಳ ಬಗ್ಗೆಯೇ. ನನಗೆ ಮಾತ್ರ ಮತ್ತೆ ಮತ್ತೆ ನೆನಪಾಗುವುದು ಹದಿನಾಲ್ಕು ಸಾಲಿನ ಒಂದು ವರದಿ.

ಅದು ಹತ್ತು ವರ್ಷದ ಒಬ್ಬ ಹುಡುಗಿಯ ಕುರಿತದ್ದು. ಅವಳನ್ನು ಇಲ್ಲಿ ರೇಣುಕಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಅವಳ ತಂದೆತಾಯಿಯ, ಟೀಚರ್ ಅವರ, ನನ್ನ ಸಹೋದ್ಯೋಗಿಯ ಹೆಸರುಗಳೂ ಬೇರೆ. ಊರು ಕಂಪ್ಲಿ ತಾಲ್ಲೂಕಿನದು ಎಂದರೆ ಸಾಕು. ಅವಳಿಗೆ ಬಹುಮಾನ ಬಂದದ್ದು ಮಗ್ಗಿ ಹೇಳುವ ಸ್ಪರ್ಧೆಯಲ್ಲಿ ಎಂದು ಬರೆಯುತ್ತೇನೆ. ನಿಜವಾಗಿ ಅದು ಬೇರೊಂದು ಸ್ಪರ್ಧೆ. ಇಷ್ಟೆಲ್ಲ ಬದಲಿಸಿರುವುದು ಏಕೆಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಹುಮಾನ ಪಡೆದ ಮಕ್ಕಳ ಫೋಟೊಗಳಿಗೆ ಒಂದು ಮೂಲೆ ಮೀಸಲಿತ್ತು. ಅದಕ್ಕೆ ನಾನೇ ಮಾಡಿದ ನಿಯಮವೂ ಇತ್ತು: ಮಗುವಿನ ಪೂರ್ಣ ಹೆಸರು, ತರಗತಿ, ಶಾಲೆ, ಊರು, ತಂದೆತಾಯಿಯ ಹೆಸರು, ಐದೂ ಇರಬೇಕು. ಒಂದು ಕಡಿಮೆಯಾದರೂ ಫೋಟೊ ನಿಲ್ಲಿಸುತ್ತಿದ್ದೆ. ಇದು ಓದುಗರ ಮೇಲಿನ ಗೌರವ ಎಂದೇ ನಂಬಿದ್ದೆ. ಹಳ್ಳಿಗಳಲ್ಲಿ ಆ ಚೂರನ್ನು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕುತ್ತಿದ್ದರು. ಹೆಸರೇ ಇಲ್ಲದ ಫೋಟೊವನ್ನು ಯಾರು ಗೋಡೆಗೆ ಹಾಕುತ್ತಾರೆ?

ಆ ವರ್ಷ ಕಂಪ್ಲಿಯ ನಮ್ಮ ಅರೆಕಾಲಿಕ ವರದಿಗಾರ ಖಾದರ್, ರೇಣುಕಾಳ ಫೋಟೊ ಕಳಿಸಿದ. ಖಾದರನಿಗೆ ಬಸ್ ನಿಲ್ದಾಣದ ಬಳಿ ಝೆರಾಕ್ಸ್ ಅಂಗಡಿ. ಸುದ್ದಿ ಅವನ ಎರಡನೇ ಕೆಲಸ. ಸರ್ಕಾರಿ ಶಾಲೆಯ ಐದನೇ ತರಗತಿಯ ಹುಡುಗಿ, ರಾಜ್ಯ ಮಟ್ಟದಲ್ಲಿ ಎರಡನೇ ಬಹುಮಾನ, ಎರಡು ಜಡೆ, ಕೈಯಲ್ಲಿ ಸ್ಟೀಲ್ ಡಬ್ಬಿ ಮತ್ತು ಪ್ರಮಾಣಪತ್ರ. ತಂದೆಯ ಹೆಸರು ಇರಲಿಲ್ಲ. ನಾನು ಫೋನ್ ಮಾಡಿ ಕೇಳಿ, ಬರೆದುಕೊಂಡು, ಸೇರಿಸಿದೆ. ಈರಣ್ಣ, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ತಾಯಿ ಹುಲಿಗೆಮ್ಮ, ನಾಟಿ ಮತ್ತು ಕಳೆ ಕೆಲಸಕ್ಕೆ ಹೋಗುವವಳು. ಮರುದಿನ ಈರಣ್ಣ ಆರು ಪ್ರತಿ ಪೇಪರ್ ತೆಗೆದುಕೊಂಡು ಹೋದ ಎಂದು ಖಾದರ್ ಹೇಳಿದಾಗ ನನಗೆ ಸಂತೋಷವಾಗಿತ್ತು.

ಇನ್ನು ಶಾಲೆಯ ವಿಷಯ. ಕೊರೊನಾ ಕಾಲದಲ್ಲಿ ಪಾಠ ಕಳಿಸಲೆಂದು ಶುರುವಾದ ವಾಟ್ಸ್ಆ್ಯಪ್ ಗುಂಪುಗಳು ಶಾಲೆ ತೆರೆದ ಮೇಲೂ ಮುಂದುವರಿದಿದ್ದವು. ಐದನೇ ತರಗತಿಯ ಗುಂಪನ್ನು ನೋಡಿಕೊಳ್ಳುತ್ತಿದ್ದವರು ನಾಗರತ್ನ ಟೀಚರ್. ನಲವತ್ತೊಂದು ಮಕ್ಕಳು. ಸಂಜೆ ಆರಕ್ಕೆ ಮನೆಗೆಲಸ ಗುಂಪಿಗೆ ಬೀಳುತ್ತಿತ್ತು. ಮಕ್ಕಳು ಅವ್ವನ ಫೋನ್ ಹಿಡಿದು ಬರೆದುಕೊಳ್ಳುತ್ತಿದ್ದರು, ಮುಗಿಸಿದ ಮೇಲೆ ತಮ್ಮ ಹೆಸರಿನೊಂದಿಗೆ ಅದರ ಫೋಟೊವನ್ನು ಗುಂಪಿಗೆ ಹಾಕುತ್ತಿದ್ದರು. ಈ ಊರಿನ ಎಷ್ಟೋ ಮನೆಯವರು ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ ಹೋಗಿ ಬರುತ್ತಾರೆ. ಹೋದಲ್ಲಿ ಸಿಮ್ ಬದಲಾಗುತ್ತದೆ. ಪ್ರತಿ ಸಲ ನಂಬರ್ ಸೇರಿಸಿ ಸಾಕಾಗಿ ಟೀಚರ್ ಒಂದು ದಾರಿ ಕಂಡುಕೊಂಡರು. ಗುಂಪಿಗೆ ಸೇರುವ ಲಿಂಕನ್ನು ಊರಿನ ಯುವಕರು ನಡೆಸುತ್ತಿದ್ದ ಫೇಸ್‌ಬುಕ್ ಪುಟದಲ್ಲಿ ಹಾಕಿಸಿದರು. ರೇಣುಕಾ ಮಗ್ಗಿ ಹೇಳುವ ವಿಡಿಯೊ ಅದೇ ಪುಟದಲ್ಲಿತ್ತು. ಲಿಂಕ್ ಅದರ ಕೆಳಗೇ ಇತ್ತು.

ನಲವತ್ತೊಂದು ಮಕ್ಕಳ ಗುಂಪಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ನಂಬರುಗಳಿದ್ದವು. ಕೆಲವು ಮನೆಯ ಎರಡು ಫೋನ್, ಕೆಲವು ಮಾವನದು, ಅಣ್ಣನದು. ದೇವರ ಚಿತ್ರ ಹಾಕಿಕೊಂಡ ಒಂದು ಹೊಸ ನಂಬರ್ ಬಂದು ಸೇರಿದಾಗ ಯಾರೂ ಕೇಳಲಿಲ್ಲ. ಪ್ರತಿಯೊಬ್ಬರೂ ಅದು ಇನ್ನೊಂದು ಮನೆಯವರದು ಎಂದುಕೊಂಡರು. ಅದು ಯಾರ ಮನೆಯದೂ ಆಗಿರಲಿಲ್ಲ.

ಆ ನಂಬರಿನವನು ಹುಲಿಗೆಮ್ಮನ ಫೋನಿಗೆ ಬೇರೆಯಾಗಿ ಸಂದೇಶ ಕಳಿಸಿದ್ದು ಸಂಜೆ ಮನೆಗೆಲಸದ ಹೊತ್ತಿಗೆ. ಹುಲಿಗೆಮ್ಮನಿಗೆ ಓದಲು ಬಾರದು. ಆ ಹೊತ್ತಿನಲ್ಲಿ ಫೋನ್ ಮಗಳ ಕೈಯಲ್ಲಿರುತ್ತದೆ ಎಂಬುದು ಗುಂಪಿನಲ್ಲಿ ನಾಲ್ಕು ದಿನ ಇದ್ದವರಿಗೆ ಯಾರಿಗಾದರೂ ತಿಳಿಯುತ್ತಿತ್ತು. ಅವನ ಮೊದಲ ಮಾತನ್ನು ತನಿಖಾಧಿಕಾರಿ ನನಗೆ ಓದಿ ಹೇಳಿದರು: ನೀನು ಈರಣ್ಣನ ಮಗಳಲ್ಲವೇ? ಹತ್ತು ವರ್ಷದ ಮಗು, ಅಪ್ಪನ ಹೆಸರು ಗೊತ್ತಿರುವವನನ್ನು ಅಪರಿಚಿತ ಎಂದುಕೊಳ್ಳುವುದಿಲ್ಲ. ಅಪ್ಪನ ಹೆಸರು ಅವನಿಗೆ ಎಲ್ಲಿ ಸಿಕ್ಕಿತು ಎಂಬುದನ್ನೂ ಅವರು ಹೇಳಿದರು. ಅವನ ಫೋನಿನಲ್ಲಿ ನಮ್ಮ ಪತ್ರಿಕೆಯ ಫೋಟೊ ಇತ್ತು, ಕೆಳಗಿನ ಅಡಿಬರಹ ಸಮೇತ.

ತಾನು ಸ್ಪರ್ಧೆ ನಡೆಸುವ ಸಾರ್ ಎಂದು ಅವನು ಹೇಳಿಕೊಂಡಿದ್ದ. ಮುಂದಿನ ಸುತ್ತಿಗೆ ಆಯ್ಕೆ ಮಾಡುತ್ತೇನೆ, ಮಗ್ಗಿ ಹೇಳುವ ವಿಡಿಯೊ ಕಳಿಸು ಎಂದ. ಅವಳು ಕಳಿಸಿದಳು. ಹೊಗಳಿದ. ಬೇರೆ ಮಕ್ಕಳಿಗೆ ಹೊಟ್ಟೆಕಿಚ್ಚಾಗುತ್ತದೆ, ಯಾರಿಗೂ ಹೇಳಬೇಡ ಎಂದ. ಎರಡು ವಾರ ಹೀಗೇ ನಡೆಯಿತು. ಆಮೇಲೆ ಬೇರೆ ತರಹದ ಫೋಟೊ ಕೇಳತೊಡಗಿದ. ಅದರ ವಿವರ ದೋಷಾರೋಪ ಪಟ್ಟಿಯಲ್ಲಿದೆ. ನಾನು ಅದನ್ನು ಅಂದೂ ಬರೆಯಲಿಲ್ಲ, ಇಂದೂ ಬರೆಯುವುದಿಲ್ಲ. ಒಂದನ್ನು ಮಾತ್ರ ಇಲ್ಲಿ ಸ್ಪಷ್ಟವಾಗಿ ದಾಖಲಿಸಬೇಕು: ಅವನು ಕೇಳಿದ್ದನ್ನು ರೇಣುಕಾ ಕಳಿಸಲಿಲ್ಲ. ಒಂದು ಸಲವೂ ಕಳಿಸಲಿಲ್ಲ. ಕಳಿಸದಿದ್ದರೆ ಬಹುಮಾನ ವಾಪಸ್ ಪಡೆಯುತ್ತೇವೆ, ಪೇಪರಿನಲ್ಲಿ ಹಾಕಿಸುತ್ತೇವೆ ಎಂದು ಅವನು ಹೆದರಿಸಿದ.

ಅವಳು ಮನೆಯಲ್ಲಿ ಹೇಳಲಿಲ್ಲ. ಫೋನಿನಲ್ಲಿ ಹಾಳುಮೂಳು ನೋಡಿದರೆ ಕೈಗೆ ಬರೆ ಹಾಕುತ್ತೇನೆ ಎಂದು ಹುಲಿಗೆಮ್ಮ ಆಗಾಗ ಅನ್ನುತ್ತಿದ್ದಳು. ಎಲ್ಲ ತಾಯಂದಿರೂ ಅನ್ನುವ ಮಾತು ಅದು. ಮಗಳು ಅದನ್ನು ನಿಜವೆಂದು ಇಟ್ಟುಕೊಂಡಿದ್ದಳು.

ಒಂದು ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ತರಗತಿಗೆ ಹೋದರು. ರೇಣುಕಾ ನಾಗರತ್ನ ಟೀಚರ್ ಹಿಂದೆ ಸ್ಟಾಫ್ ರೂಮಿಗೆ ಬಂದು, ಚೀಲದಿಂದ ಸ್ಟೀಲ್ ಡಬ್ಬಿಯನ್ನೂ ಪ್ರಮಾಣಪತ್ರವನ್ನೂ ತೆಗೆದು ಮೇಜಿನ ಮೇಲಿಟ್ಟಳು. ಪ್ರಮಾಣಪತ್ರಕ್ಕೆ ಹಾಕಿಸಿದ್ದ ಗಾಜಿನ ಚೌಕಟ್ಟನ್ನು ಅವಳೇ ಬಿಚ್ಚಿ ತಂದಿದ್ದಳು.

“ಟೀಚರ್, ಇವನ್ನ ವಾಪಸ್ ಕೊಟ್ರ ಮುಗೀತೈತೇನ್ರಿ?” ಎಂದು ಕೇಳಿದಳು.

ಏನು ಮುಗಿಯಬೇಕು ಎಂದು ಟೀಚರ್ ಕೇಳಿದರು. ಹೇಳಿಸಲು ಮುಕ್ಕಾಲು ಗಂಟೆ ಬೇಕಾಯಿತು. ನಾಗರತ್ನ ಟೀಚರ್ ಮಾಡಿದ ಸರಿಯಾದ ಕೆಲಸಗಳನ್ನು ಮೊದಲು ಹೇಳಬೇಕು. ಅವರು ಬೈಯಲಿಲ್ಲ. ಆ ನಂಬರಿಗೆ ಫೋನ್ ಮಾಡಿ ದಬಾಯಿಸಲಿಲ್ಲ. ಸಂದೇಶ ಅಳಿಸಲೂ ಬಿಡಲಿಲ್ಲ. ಹುಲಿಗೆಮ್ಮನನ್ನು ಗದ್ದೆಯಿಂದ ಕರೆಸಿ, ಫೋನನ್ನು ಹಾಗೇ ಎತ್ತಿಟ್ಟು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಅವರು ಹೇಳಿದಂತೆ ಅಂದೇ ಪೊಲೀಸರ ಬಳಿ ಹೋದರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಒಂಬತ್ತನೇ ದಿನ ಆರೋಪಿ ಬೇರೊಂದು ಜಿಲ್ಲೆಯಲ್ಲಿ ಸಿಕ್ಕಿಬಿದ್ದ. ವಯಸ್ಸು ಇಪ್ಪತ್ತಾರು. ಅವನಿಗೂ ಕಂಪ್ಲಿಗೂ ಯಾವ ಸಂಬಂಧವೂ ಇರಲಿಲ್ಲ. ಕಂಪ್ಲಿಯನ್ನು ಅವನು ಕಂಡೇ ಇರಲಿಲ್ಲ.

ಬಂಧನದ ದಿನ ಮಧ್ಯಾಹ್ನ ತನಿಖೆಯ ಉಸ್ತುವಾರಿ ಹೊತ್ತಿದ್ದ ಮಹಿಳಾ ಇನ್‌ಸ್ಪೆಕ್ಟರ್ ನನಗೆ ಮಾಹಿತಿ ಕೊಟ್ಟರು. ಅವರು ಲೆಕ್ಕ ಹಾಕಿ ಮಾತನಾಡುವವರು. ಅಂದು ಎರಡು ಮಾತು ಒತ್ತಿ ಹೇಳಿದರು. ಮೊದಲನೆಯದು, ಮಗುವಿನ ಗುರುತು ಹೊರಬರಬಾರದು. ಎರಡನೆಯದು, ಅವಳು ಏನನ್ನೂ ಕಳಿಸಿಲ್ಲ ಎಂಬುದನ್ನು ಮರೆಯದೆ ಬರೆಯಬೇಕು. ಮಗು ಇಷ್ಟು ದಿನ ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ.

“ಅದನ್ನ ಮಗೂಗ ಕೇಳಬ್ಯಾಡ್ರಿ,” ಎಂದರು. “ಹೇಳಿದ್ರ ನಾವು ಏನ್ ಮಾಡ್ತಿದ್ವಿ ಅಂತ ನಮ್ಮನ್ನ ನಾವು ಕೇಳ್ಕೋಬೇಕು.”

ನಾನು ಆ ಮಾತನ್ನು ವರದಿಯಲ್ಲಿ ಬಳಸಲಿಲ್ಲ. ಅಧಿಕಾರಿಯ ಹೆಸರು ಹಾಕದೆ ಹೇಳಿಕೆ ಹಾಕುವ ಪದ್ಧತಿ ನಮ್ಮಲ್ಲಿರಲಿಲ್ಲ. ಹೆಸರು ಹಾಕಲು ಅವರು ಒಪ್ಪಿರಲಿಲ್ಲ.

ಸಂಜೆ ಆರಕ್ಕೆ ಬರೆಯಲು ಕುಳಿತೆ. ಹದಿನಾರು ಸಾಲು. ಪೋಕ್ಸೊ ಪ್ರಕರಣ ಬರೆಯುವಾಗ ಏನನ್ನು ಬಿಡಬೇಕು ಎಂಬ ಒಂದು ಪಟ್ಟಿ ನನ್ನ ಮೇಜಿನ ಗಾಜಿನ ಕೆಳಗಿತ್ತು: ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ. ಒಂದೊಂದನ್ನೇ ಬೆರಳಿಟ್ಟು ನೋಡಿದೆ. ಯಾವುದೂ ಇರಲಿಲ್ಲ. ಆ ಪಟ್ಟಿಯ ಕೊನೆಯಲ್ಲಿ, ಗುರುತು ಬಯಲಾಗಲು ಕಾರಣವಾಗಬಹುದಾದ ಬೇರೆ ಯಾವ ವಿವರವೂ ಇರಬಾರದು ಎಂಬ ಸಾಲೂ ಇತ್ತು. ಅದನ್ನು ಹತ್ತಾರು ಸಲ ಓದಿದ್ದೆ. ಕಾನೂನಿನ ಭಾಷೆಯಲ್ಲಿ ಎಲ್ಲದರ ಕೊನೆಗೂ ಇರುವಂಥ ಬಾಲ ಅದು ಎಂದುಕೊಂಡಿದ್ದೆ.

ವರದಿಯ ಮೊದಲ ವಾಕ್ಯ ಹೀಗಿತ್ತು: ಮಗ್ಗಿ ಸ್ಪರ್ಧೆಯಲ್ಲಿ ರಾಜ್ಯ ಮಟ್ಟದ ಬಹುಮಾನ ಗೆದ್ದ ಕಂಪ್ಲಿ ತಾಲ್ಲೂಕಿನ ಐದನೇ ತರಗತಿ ಬಾಲಕಿಯನ್ನು ಮೊಬೈಲ್ ಮೂಲಕ ಪೀಡಿಸಿದ ಆರೋಪದ ಮೇಲೆ ಯುವಕನೊಬ್ಬನನ್ನು ಬಂಧಿಸಲಾಗಿದೆ. ತಲೆಬರಹ: ‘ಮಗ್ಗಿಯ ಹುಡುಗಿಗೆ ಮೊಬೈಲ್ ಬಲೆ’. ಇಂಥ ಪ್ರಕರಣಗಳು ಆಗ ವಾರಕ್ಕೊಂದು ಬರುತ್ತಿದ್ದವು, ಒಳಪುಟದಲ್ಲಿ ಮುಚ್ಚಿಹೋಗುತ್ತಿದ್ದವು. ಬಹುಮಾನದ ವಿಷಯ ಇದ್ದರೆ ಜಿಲ್ಲಾ ಮುಖಪುಟಕ್ಕೆ ಹೋಗುತ್ತದೆ, ಹೆಚ್ಚು ಪೋಷಕರು ಓದುತ್ತಾರೆ, ಎಚ್ಚರಗೊಳ್ಳುತ್ತಾರೆ ಎಂಬುದು ನನ್ನ ವಾದ. ತಲೆಬರಹ ಚೆನ್ನಾಗಿ ಕೂತಿದೆ ಎಂಬ ಖುಷಿಯೂ ಒಳಗಿತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ.

ವಿವರ ಪರಿಶೀಲಿಸಲು ಖಾದರನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನು ಮೊದಲ ವಾಕ್ಯವನ್ನು ಇನ್ನೊಮ್ಮೆ ಓದಿಸಿದ.

“ಸಾರ್, ಆ ಮಗ್ಗಿ ಮಾತು ಬ್ಯಾಡ್ರಿ. ಇಡೀ ತಾಲ್ಲೂಕಿಗೆ ಆಕಿ ಒಬ್ಬಾಕೀನ ಇರಾದು,” ಎಂದ.

“ಹೆಸರಿಲ್ಲ, ಊರಿಲ್ಲ, ಶಾಲೆ ಇಲ್ಲ. ಕಾನೂನು ಪ್ರಕಾರ ಸರಿಯಾಗೇ ಇದೆ,” ಎಂದೆ.

“ಹಂಗಾದ್ರ ಸರಿ ಸಾರ್. ನೀವು ದೊಡ್ಡೋರು, ನಾನು ಝೆರಾಕ್ಸ್‌ನವ,” ಎಂದು ಫೋನಿಟ್ಟ. ಅದು ಅವನ ಮಾಮೂಲಿ ಚುಚ್ಚುಮಾತು. ನಾನು ನಕ್ಕು ವರದಿಯನ್ನು ಡೆಸ್ಕಿಗೆ ಕಳಿಸಿದೆ.

ಏಳೂವರೆಗೆ ಡೆಸ್ಕಿನಿಂದ ಕರೆ ಬಂತು. ಪುಟದಲ್ಲಿ ಒಂದು ಜಾಹೀರಾತು ದೊಡ್ಡದಾಗಿದೆ, ಎರಡು ಸಾಲು ಕಡಿಮೆ ಮಾಡಬೇಕು. ಪತ್ರಿಕೆಯ ವರದಿಯನ್ನು ನಾವು ತಲೆಕೆಳಗಾದ ಗೋಪುರದಂತೆ ಬರೆಯುತ್ತೇವೆ. ಮುಖ್ಯವಾದದ್ದು ಮೊದಲು, ಉಳಿದದ್ದು ಕೆಳಗೆ. ಜಾಗ ಸಾಲದಿದ್ದರೆ ಯೋಚಿಸದೆ ಕೆಳಗಿನಿಂದ ಕತ್ತರಿಸಬಹುದು ಎಂಬುದೇ ಈ ಕ್ರಮದ ಅನುಕೂಲ. ಅದನ್ನು ನಾನು ಎಷ್ಟೋ ಹೊಸಬರಿಗೆ ಕಲಿಸಿದ್ದೆ. ಅಂದು ನಾನೂ ಹಾಗೇ ಮಾಡಿದೆ. ಕೊನೆಯ ಎರಡು ಸಾಲು ತೆಗೆಯಿರಿ ಎಂದೆ. ಆ ಎರಡು ಸಾಲಿನಲ್ಲಿ ಇದ್ದದ್ದು: ‘ಬಾಲಕಿ ಆರೋಪಿಗೆ ಯಾವುದೇ ಆಕ್ಷೇಪಾರ್ಹ ಚಿತ್ರ ಕಳುಹಿಸಿಲ್ಲ ಎಂಬುದು ತನಿಖೆಯಲ್ಲಿ ದೃಢಪಟ್ಟಿದೆ ಎಂದು ಪೊಲೀಸರು ತಿಳಿಸಿದ್ದಾರೆ.’

ಬೆಳಿಗ್ಗೆ ಎಂಟಕ್ಕೆ ಖಾದರ್ ನನ್ನ ಫೋನಿಗೆ ಒಂದು ಚಿತ್ರ ಕಳಿಸಿದ. ಅದರ ಜೊತೆ ಒಂದು ಅಕ್ಷರವೂ ಇರಲಿಲ್ಲ. ಯಾರೋ ನಮ್ಮ ಪತ್ರಿಕೆಯ ಎರಡು ತುಣುಕುಗಳನ್ನು ಅಕ್ಕಪಕ್ಕ ಜೋಡಿಸಿದ್ದರು. ಎಡಕ್ಕೆ ಬಹುಮಾನದ ಫೋಟೊ, ಕೆಳಗೆ ಹೆಸರು, ತರಗತಿ, ಶಾಲೆ, ಊರು, ಅಪ್ಪ, ಅವ್ವ. ಬಲಕ್ಕೆ ಹದಿನಾಲ್ಕು ಸಾಲಿನ ವರದಿ. ಎರಡೂ ನನ್ನ ಕೈಯಿಂದಲೇ ಹೋದವು. ಆ ಚಿತ್ರ ಊರಿನ ಗುಂಪಿನಿಂದ ಗಿರಣಿಯ ಗುಂಪಿಗೆ, ಅಲ್ಲಿಂದ ನೆಂಟರ ಗುಂಪುಗಳಿಗೆ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಗಂಗಾವತಿ, ಸಿರುಗುಪ್ಪದಿಂದಲೂ ಈರಣ್ಣನಿಗೆ ಫೋನ್ ಬರುತ್ತಿತ್ತು. ಇನ್‌ಸ್ಪೆಕ್ಟರ್ ಅದನ್ನು ತೆಗೆಸಲು ಪ್ರಯತ್ನಿಸಿದರು, ಹಂಚಿದ ಕೆಲವರನ್ನು ಕರೆಸಿ ಎಚ್ಚರಿಸಿದರು. ನಮ್ಮ ಕಚೇರಿಗೂ ನೋಟಿಸ್ ಬಂತು. ಆದರೆ ಅಷ್ಟರಲ್ಲಿ ಊರು ತನ್ನದೇ ವರದಿ ಬರೆದು ಮುಗಿಸಿತ್ತು. ಬಲೆ ಎಂದ ಮೇಲೆ ಬಿದ್ದಿರಲೇಬೇಕು, ಬಿದ್ದ ಮೇಲೆ ಏನನ್ನೋ ಕಳಿಸಿರಲೇಬೇಕು.

ಮೂರನೇ ದಿನ ನಾನು ಹೊರಟೆ. ಕಮಲಾಪುರ ದಾಟಿ, ರಾಮಸಾಗರದ ಬಾಳೆ ತೋಟಗಳ ನಡುವಿನ ರಸ್ತೆಯಲ್ಲಿ ಕಂಪ್ಲಿ ತಲುಪುವವರೆಗೆ, ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಖಾದರ್ ಊರಿನವರೆಗೂ ಬಂದು, ಮನೆಗೆ ಬರಲು ಒಪ್ಪದೆ ಚಹಾ ಅಂಗಡಿಯಲ್ಲೇ ಉಳಿದ.

ಈರಣ್ಣ ಗಿರಣಿಗೆ ಹೋಗಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಹುಲಿಗೆಮ್ಮನ ಫೋನನ್ನು ಪೊಲೀಸರು ಸಾಕ್ಷ್ಯಕ್ಕೆಂದು ಮೊದಲೇ ತೆಗೆದುಕೊಂಡಿದ್ದರು, ಇಲ್ಲದಿದ್ದರೆ ಅದನ್ನು ಒಡೆದುಹಾಕುತ್ತಿದ್ದೆ ಎಂದ. ಮಗಳು ಒಳಗಿದ್ದಳು. ಬಾಗಿಲು ಅರ್ಧ ಮುಚ್ಚಿತ್ತು. ನಾನು ಯಾರೆಂದು ಹೇಳಿದೆ. ಅವನು ಎದ್ದು ನಿಂತ, ಮನೆಗೆ ಬಂದವರಿಗೆ ಏಳುವಂತೆ.

“ಕುಂದ್ರಿ ಸಾರ್,” ಎಂದ. ಆಮೇಲೆ, ಧ್ವನಿ ಏರಿಸದೆ, “ನೀವು ಹೆಸರು ಬರ್ದಿಲ್ರಿ. ಹೆಸರು ಒಂದ್ ಬಿಟ್ಟು ಎಲ್ಲಾ ಬರ್ದೀರಿ,” ಎಂದ.

ನಾನು ತಪ್ಪಾಯಿತು ಎಂದೆ. ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಗಿರಣಿಯಲ್ಲಿ ಜೊತೆಗಾರರು ತನ್ನನ್ನು ಏನೂ ಕೇಳುವುದಿಲ್ಲ, ಆದರೆ ತಾನು ಬಂದರೆ ಮಾತು ನಿಲ್ಲಿಸುತ್ತಾರೆ ಎಂದ. ನೀರಿನ ಟ್ಯಾಂಕಿನ ಬಳಿ ಹೆಂಗಸರು ಹುಲಿಗೆಮ್ಮನನ್ನು ನೇರವಾಗಿಯೇ ಕೇಳಿದ್ದರಂತೆ, ಎಂಥ ಫೋಟೊ ಕಳಿಸಿದ್ದಳು ನಿನ್ನ ಮಗಳು ಎಂದು.

“ಆಕಿ ಏನೂ ಕಳಿಸಿಲ್ಲ ಅಂತ ಪೊಲೀಸ್ ಮೇಡಂ ನಿಮಗ ಹೇಳಿದ್ರಂತ. ಅದನ್ಯಾಕ ಬರೀಲಿಲ್ರಿ?”

ಬರೆದಿದ್ದೆ, ಪುಟದಲ್ಲಿ ಜಾಗ ಸಾಲಲಿಲ್ಲ ಎಂದೆ.

“ಎಷ್ಟು ಜಾಗ ಬೇಕಿತ್ರಿ?”

“ಎರಡು ಸಾಲು.”

ಎರಡು ಸಾಲು ಎಂದರೆ ಎಷ್ಟು ಎಂದು ಕೇಳಿದ. ಅವನು ವ್ಯಂಗ್ಯವಾಗಿ ಕೇಳಿರಲಿಲ್ಲ. ಪೇಪರಿನ ಅಳತೆ ಅವನಿಗೆ ತಿಳಿಯದು. ನಾನು ಹೆಬ್ಬೆರಳು ತೋರುಬೆರಳು ಸೇರಿಸಿ, ನಡುವೆ ಒಂದು ಭತ್ತದ ಕಾಳು ಹಿಡಿಯುವಷ್ಟು ಜಾಗ ಬಿಟ್ಟು ತೋರಿಸಿದೆ. ಅವನು ನನ್ನ ಬೆರಳುಗಳನ್ನು ನೋಡಿದ. ಒಳಗೆ ಹುಲಿಗೆಮ್ಮ ಬಾಗಿಲು ಪೂರ್ತಿ ಮುಚ್ಚಿದಳು.

ಅಲ್ಲಿಂದ ಶಾಲೆಗೆ ಹೋದೆ. ನಾಗರತ್ನ ಟೀಚರ್ ಅವರಿಗೆ ಇಲಾಖೆಯಿಂದ ಕಾರಣ ಕೇಳಿ ನೋಟಿಸ್ ಬಂದಿತ್ತು. ಅವರು ಉತ್ತರ ಬರೆಯುತ್ತಿದ್ದರು. ಯಾರ ಮೇಲೂ ದೂರಲಿಲ್ಲ.

“ನಾನು ಲಿಂಕ್ ಹಾಕಿದೆ. ನೀವು ಅಪ್ಪನ ಹೆಸರು ಹಾಕಿದ್ರಿ. ಅವ್ವ ಮಗಳು ಕೆಡಬಾರದು ಅಂತ ಹೆದರ್ಸಿ ಇಟ್ಟಿದ್ಳು. ಯಾರೂ ಕೆಟ್ಟದ್ದಕ್ಕ ಮಾಡಿಲ್ರಿ ಸಾರ್,” ಎಂದರು. “ಅವನಿಗೆ ಅಷ್ಟು ಸಾಕಾತು.”

ಆ ವಾರವೇ ಅವರು ಪೋಷಕರ ಸಭೆ ಕರೆದರು. ಗುಂಪಿನ ಪ್ರತಿ ನಂಬರನ್ನೂ ಕೂಗಿ, ಅದು ಯಾರದೋ ಅವರನ್ನು ಎಬ್ಬಿಸಿ ನಿಲ್ಲಿಸಿ ಹೇಳಿಸಿ, ಎದುರಿಗೆ ಮಗುವಿನ ಹೆಸರು ಬರೆದುಕೊಂಡರು. ಹಳೆಯ ಲಿಂಕ್ ರದ್ದು ಮಾಡಿದರು. ಗುಂಪಿನಲ್ಲಿ ಟೀಚರ್ ಮಾತ್ರ ಬರೆಯುವಂತೆ ಬದಲಿಸಿದರು. ಮಕ್ಕಳ ಮುಖವಿರುವ ವಿಡಿಯೊ ಹಾಕುವುದನ್ನು ನಿಲ್ಲಿಸಿದರು. ಮನೆಗೆಲಸದ ಹೊತ್ತಿನಲ್ಲಿ ಮಗು ಅಡುಗೆಮನೆಯಲ್ಲಿ, ದೊಡ್ಡವರ ಕಣ್ಣೆದುರು ಕುಳಿತು ಫೋನ್ ನೋಡಲಿ ಎಂದರು. ಕೊನೆಗೆ ಕೇಳಿದ್ದು ಎಲ್ಲಕ್ಕಿಂತ ಕಷ್ಟದ್ದು: ಮಗು ಬಂದು ಏನಾದರೂ ಹೇಳಿದರೆ ಆ ದಿನ ಬೈಯುವುದಿಲ್ಲ, ಹೊಡೆಯುವುದಿಲ್ಲ ಎಂದು ಮಕ್ಕಳ ಎದುರೇ ಮಾತು ಕೊಡಬೇಕು. ಅರ್ಧದಷ್ಟು ಜನ ಕೊಟ್ಟರು. ಉಳಿದವರು, ಹಂಗಂದ್ರ ಹುಡುಗ್ರಿಗೆ ಹೆದರಿಕೀನ ಇರಂಗಿಲ್ಲ ಟೀಚರ್ ಎಂದು ಎದ್ದುಹೋದರು. ಈರಣ್ಣ, ಹುಲಿಗೆಮ್ಮ ಆ ಸಭೆಗೆ ಬರಲಿಲ್ಲ. ಅಷ್ಟು ಹೊತ್ತಿಗೆ ರೇಣುಕಾ ಶಾಲೆ ಬಿಟ್ಟಿದ್ದಳು. ಒಂದು ಬೆಳಿಗ್ಗೆ ತಾಯಿ ಅವಳನ್ನು ಸಂಡೂರು ಕಡೆಯ ತವರಿಗೆ ಕರೆದೊಯ್ದಿದ್ದಳು. ಈರಣ್ಣ ಗಿರಣಿ ಕೆಲಸಕ್ಕೆಂದು ಊರಿನಲ್ಲೇ ಒಬ್ಬನೇ ಉಳಿದ.

ನಾನು ಕಚೇರಿಗೆ ಬಂದು ತಿದ್ದುಪಡಿ ಬರೆದೆ. ಬಾಲಕಿ ಯಾವ ಚಿತ್ರವನ್ನೂ ಕಳುಹಿಸಿರಲಿಲ್ಲ, ಇದನ್ನು ಪ್ರಕಟಿಸದೆ ಹೋದದ್ದಕ್ಕೆ ವಿಷಾದಿಸುತ್ತೇವೆ ಎಂದು. ಪತ್ರಿಕೆಯ ವಕೀಲರು ಓದಿ ವಾಪಸ್ ಕಳಿಸಿದರು. ಯಾವ ಬಾಲಕಿ ಎಂದು ಹೇಳದೆ ತಿದ್ದುಪಡಿ ಅರ್ಥವಾಗುವುದಿಲ್ಲ, ಹೇಳಿದರೆ ಗುರುತು ಮತ್ತೊಮ್ಮೆ ಬಯಲಾಗುತ್ತದೆ. ಮರೆತ ನಾಲ್ಕು ಜನರಿಗೂ ನೆನಪು ಮಾಡಿಕೊಟ್ಟಂತಾಗುತ್ತದೆ. ಅವರು ಹೇಳಿದ್ದು ಸರಿಯಾಗಿತ್ತು. ಸಚಿವರ ಹೆಸರು, ಮಳೆಯ ಅಳತೆ, ಸತ್ತವರ ವಯಸ್ಸು, ಎಷ್ಟೋ ತಪ್ಪುಗಳನ್ನು ಮರುದಿನವೇ ತಿದ್ದಿದ್ದೇನೆ. ತಿದ್ದಲು ಬಾರದ ತಪ್ಪು ಇರುತ್ತದೆ ಎಂದು ಆವರೆಗೆ ಗೊತ್ತಿರಲಿಲ್ಲ. ಬಹುಮಾನದ ಮೂಲೆಯಿಂದ ಊರು, ಶಾಲೆ, ತಂದೆತಾಯಿಯ ಹೆಸರು ತೆಗೆದೆ. ಕೆಲವು ಪೋಷಕರು ಫೋನ್ ಮಾಡಿ ಬೇಸರಪಟ್ಟರು. ನಾನು ಕಾರಣ ಹೇಳಲಿಲ್ಲ.

ಮರುವರ್ಷ ಚಳಿಗಾಲದಲ್ಲಿ, ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ, ಸಂಡೂರು ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಅದಿರು ಲಾರಿಗಳು ಶಾಲೆಯ ಗೇಟಿನ ಎದುರೇ ಓಡುತ್ತಿವೆ, ಮಕ್ಕಳು ರಸ್ತೆ ದಾಟಲು ಕಷ್ಟ ಎಂಬ ದೂರಿತ್ತು. ರೇಣುಕಾ ಅಲ್ಲಿದ್ದಾಳೆಂದು ನನಗೆ ತಿಳಿದಿರಲಿಲ್ಲ. ಮುಖ್ಯ ಶಿಕ್ಷಕರೊಂದಿಗೆ ಮಾತನಾಡಿ ಹೊರಬರುವಾಗ ಬಿಸಿಯೂಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಸಾಲು ನಿಂತರು. ಗಿಡಗಳ ಎಲೆಯ ಮೇಲೆ, ಗೋಡೆಯ ಮೇಲೆ, ಮಕ್ಕಳ ಬಿಳಿ ಅಂಗಿಯ ಕಾಲರಿನ ಮೇಲೆ ಕೆಂಪು ಧೂಳು. ಸಾಲಿನ ಕೊನೆಯಲ್ಲಿ ಒಬ್ಬ ಹುಡುಗಿ ನನ್ನನ್ನು ನೋಡಿದಳು. ಕೂದಲು ಕತ್ತರಿಸಲಾಗಿತ್ತು, ಸ್ವಲ್ಪ ಎತ್ತರವಾಗಿದ್ದಳು. ಅವಳು ನನ್ನನ್ನು ಕಂಡದ್ದು ಬಾಗಿಲ ಸಂದಿಯಿಂದ, ಒಂದೇ ಸಲ. ಆದರೂ ಗುರುತು ಹಿಡಿದಳು ಎಂಬುದು ಅವಳು ತಟ್ಟೆಯನ್ನು ಎದೆಗೆ ಒತ್ತಿಕೊಂಡ ರೀತಿಯಲ್ಲೇ ತಿಳಿಯಿತು.

ಅಡುಗೆ ಕೋಣೆಯಿಂದ ಹುಲಿಗೆಮ್ಮ ಬಂದಳು. ಅಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನನ್ನು ಮಕ್ಕಳಿಂದ ದೂರಕ್ಕೆ, ಗೋಡೆಯ ಬದಿಗೆ ಕರೆದಳು. ಹೇಗಿದ್ದಾಳೆ ಎಂದು ಕೇಳಿದೆ. ಓದುತ್ತಾಳೆ, ಬರೆಯುತ್ತಾಳೆ, ಪರೀಕ್ಷೆಯಲ್ಲಿ ಅಂಕ ಬರುತ್ತದೆ ಎಂದಳು. ಆದರೆ ಸಾರ್ ಪ್ರಶ್ನೆ ಕೇಳಿದರೆ ಏಳುವುದಿಲ್ಲವಂತೆ. ಯಾವ ಸ್ಪರ್ಧೆಗೂ ಹೆಸರು ಕೊಡುವುದಿಲ್ಲವಂತೆ. ಶಾಲೆಯ ಗ್ರೂಪ್ ಫೋಟೊ ದಿನ ಜ್ವರ ಎಂದು ಮನೆಯಲ್ಲೇ ಉಳಿದಳಂತೆ. ಜ್ವರ ಇರಲಿಲ್ಲವಂತೆ.

ಅವಳೊಂದಿಗೆ ಒಂದು ಮಾತು ಆಡಬೇಕು ಎಂದೆ. ತಪ್ಪು ಅವಳದಲ್ಲ, ನನ್ನದು ಎಂದು ಅವಳಿಗೆ ನಾನೇ ಹೇಳಬೇಕಿತ್ತು. ಎಷ್ಟೋ ತಿಂಗಳಿಂದ ಆ ವಾಕ್ಯ ನನ್ನೊಳಗೆ ಸಿದ್ಧವಾಗಿತ್ತು.

“ಬ್ಯಾಡ್ರಿ ಸಾರ್,” ಎಂದಳು ಹುಲಿಗೆಮ್ಮ. “ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ನೀವು ಹೇಳಿದ್ರ ನಿಮಗ ಹಗುರ ಆಕ್ಕತಿ. ನೀವು ಹೋದ್ ಮ್ಯಾಲೆ ಹುಡುಗ್ರು ಆಕೀನ ಕೇಳ್ತಾವು, ಪೇಪರ್‌ನವ್ರು ನಿನ್ನನ್ಯಾಕ ಮಾತಾಡ್ಸಿದ್ರು ಅಂತ. ಆಗ ಆಕಿ ಏನ್ ಹೇಳ್ಬೇಕು?”

ಅವಳು ಸಾರಿನ ಸೌಟು ಹಿಡಿಯಲು ವಾಪಸ್ ಹೋದಳು.

ಪತ್ರಿಕಾ ಕೆಲಸ ನನಗೆ ಕಲಿಸಿದ ಪಾಠ ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಮಗುವಿನ ಗುರುತು ಅದರ ಹೆಸರಿನಲ್ಲಿಲ್ಲ, ಅದನ್ನು ಬಲ್ಲವರ ನಡುವೆ ಇದೆ. ನಾವು ಬರೆಯುವುದು ಲಕ್ಷ ಜನರಿಗೆ ಎಂದುಕೊಳ್ಳುತ್ತೇವೆ. ಮಗು ಬದುಕಬೇಕಾದದ್ದು ಅದರೊಳಗಿನ ಇನ್ನೂರು ಜನರ ನಡುವೆ. ಟೀಚರ್ ಗುಂಪಿಗೆ ಹಾಕುವ ವಿಡಿಯೊ, ಅಪ್ಪ ಸ್ಟೇಟಸ್ಸಿಗೆ ಇಡುವ ಫೋಟೊ, ನಾವು ಅಚ್ಚು ಹಾಕುವ ಅಡಿಬರಹ, ಮೂರನ್ನೂ ಮೊದಲು ಆ ಇನ್ನೂರು ಜನರ ಕಣ್ಣಿನಿಂದ, ಆಮೇಲೆ ನಮಗೆ ಗೊತ್ತೇ ಇಲ್ಲದ ಒಬ್ಬನ ಕಣ್ಣಿನಿಂದ ಓದಿ ನೋಡಬೇಕು. ನಾನು ಇದನ್ನು ಕಲಿಯಲು ತೆತ್ತ ಬೆಲೆ ನನ್ನದಲ್ಲ.

ವೃತ್ತಿಯುದ್ದಕ್ಕೂ ಜನರ ಗುರುತು ಹಿಡಿದು, ಹತ್ತಿರ ಹೋಗಿ, ಮಾತನಾಡಿಸುವುದೇ ನನ್ನ ಅನ್ನವಾಗಿತ್ತು. ಆ ಮಧ್ಯಾಹ್ನ ಊಟದ ಸಾಲು ನಿಧಾನವಾಗಿ ಮುಂದೆ ಸರಿಯುತ್ತಿತ್ತು. ಅವಳು ಕೊನೆಯಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದಳು. ಗೇಟಿಗೆ ಹೋಗಲು ಅವಳ ಪಕ್ಕದಿಂದಲೇ ದಾಟಬೇಕಿತ್ತು. ನಾನು ಮುಖ್ಯ ಶಿಕ್ಷಕರ ಜೊತೆ ಲಾರಿಗಳ ಬಗ್ಗೆ ಗಟ್ಟಿಯಾಗಿ ಮಾತನಾಡುತ್ತ, ಆ ಮಗುವನ್ನು ಎಂದೂ ಕಂಡಿಲ್ಲದವನಂತೆ, ಅವಳನ್ನು ದಾಟಿ ಹೋದೆ.